ಹಲ್ಲಿಗೆ ಅರಿಶಿನ ಹಚ್ಚುವ ಹನುಮಕ್ಕ

ಭಾನುವಾರ, ಬೆಳಗಿನ ಐದೂವರೆ. ಬಡವನಹಳ್ಳಿಯಲ್ಲಿ ಟೀ ಅಂಗಡಿಯ ಒಂದು ಬಲ್ಬು ಬಿಟ್ಟರೆ ಇನ್ನೆಲ್ಲೂ ಬೆಳಕಿಲ್ಲ. ಸಿರಾ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಟೈರ್ ಅಂಗಡಿ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಹನುಮಕ್ಕ ಸ್ಟೀಲ್ ಬಟ್ಟಲಿನಲ್ಲಿ ಅರಿಶಿನಕ್ಕೆ ಹರಳೆಣ್ಣೆ ಬಿಟ್ಟು ಕಲಸುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಶರ್ಟು. ಬೆರಳಿನ ತುದಿಯಲ್ಲಿ ಒಂದಿಷ್ಟು ಅದ್ದಿ, ಎತ್ತಿ ಹಿಡಿದು ನೋಡುತ್ತಾರೆ. ಹರಿಯಬಾರದು, ಅಂಟಿಕೊಂಡು ನಿಲ್ಲಬೇಕು. ನಿಲ್ಲುತ್ತದೆ.

ಬೆಂಚಿನ ಮೇಲೆ ಕುಂಬಳಕಾಯಿ ಗಾತ್ರದ ಕಬ್ಬಿಣದ ಗುಂಡೊಂದು ಕೂತಿದೆ. ಪಿಕಪ್ ಗಾಡಿಯ ಹಿಂದಿನ ಎರಡು ಗಾಲಿಗಳ ನಡುವೆ ಇದ್ದುಕೊಂಡು, ಇಂಜಿನ್ನಿನ ಬಲವನ್ನು ಗಾಲಿಗಳಿಗೆ ಹಂಚುವ ಭಾಗ ಇದು. ಒಳಗೆ ಎರಡು ಹಲ್ಲಿನ ಚಕ್ರಗಳಿವೆ. ಊಟದ ತಟ್ಟೆಯಷ್ಟು ಅಗಲದ್ದು ಕ್ರೌನ್. ಅದನ್ನು ಅಡ್ಡಲಾಗಿ ಕಚ್ಚಿ ತಿರುಗಿಸುವ, ಮುಷ್ಟಿಯಷ್ಟು ದಪ್ಪದ್ದು ಪಿನಿಯನ್. ಹನುಮಕ್ಕ ಕ್ರೌನಿನ ಆರು ಹಲ್ಲುಗಳಿಗೆ ಕಿರುಬೆರಳಿನಿಂದ ಅರಿಶಿನ ಸವರುತ್ತಾರೆ. ಪಿನಿಯನ್ನನ್ನು ಮುಂದಕ್ಕೆ ಹತ್ತು ಸುತ್ತು, ಹಿಂದಕ್ಕೆ ಹತ್ತು ಸುತ್ತು ತಿರುಗಿಸುತ್ತಾರೆ. ಹಲ್ಲಿಗೆ ಹಲ್ಲು ಒತ್ತಿದ ಕಡೆ ಅರಿಶಿನ ಅಳಿಸಿ ಕಬ್ಬಿಣ ಹೊಳೆಯುತ್ತದೆ. ಆ ಹೊಳಪು ಹಲ್ಲಿನ ನಟ್ಟನಡುವೆ, ಅವರೆಕಾಳಿನ ಆಕಾರದಲ್ಲಿ ಮೂಡಬೇಕು. ತುದಿಗೆ ಸರಿದರೆ ಒಂದಲ್ಲ ಒಂದು ದಿನ ಹಲ್ಲು ಮುರಿಯುತ್ತದೆ. ಬುಡಕ್ಕೆ ಇಳಿದರೆ ಕಾದು ಸವೆಯುತ್ತದೆ.

ಟಾರ್ಚು ಹಿಡಿದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. "ಪರ್ವಾಗಿಲ್ಲ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಅವರ ಮುಖ ಆ ಮಾತನ್ನು ಪೂರ್ತಿ ಒಪ್ಪಿದಂತೆ ಕಾಣುವುದಿಲ್ಲ. ಆದರೆ ಅವಸರವಿದೆ. ನಾಳೆ ಬೆಳಿಗ್ಗೆ ಏಳು ಗಂಟೆಯೊಳಗೆ ಈ ಗಾಡಿ ದೊಣೆಪಾಳ್ಯದ ಹಾಲನ್ನು ಡೇರಿಗೆ ಮುಟ್ಟಿಸಬೇಕು. ಮುಟ್ಟದಿದ್ದರೆ ಆ ಹಳ್ಳಿಯ ಮೂವತ್ತೆಂಟು ಮನೆಗಳ ಹಾಲಿಗೆ ಇನ್ನು ಡೇರಿಯೇ ಇಲ್ಲ.

ಹನುಮಕ್ಕನಿಗೆ ಈಗ ನಲವತ್ತೈದು. ಅಂಗಡಿಯ ಬೋರ್ಡಿನ ಮೇಲಿರುವುದು ಗಂಡ ಪ್ರಸನ್ನ ಕುಮಾರ್ ಅವರ ಹೆಸರು. ಕೊಳಾಲದಿಂದ, ಕೊರಟಗೆರೆಯಿಂದ, ಪಾವಗಡದ ಆಚೆಯ ಗಡಿ ಊರುಗಳಿಂದ ಪಿಕಪ್ ಮಾಲೀಕರು ಇಲ್ಲಿಗೆ ಬರುತ್ತಾರೆ. ಕಲ್ಲುದಾರಿಯಲ್ಲಿ, ಹಳ್ಳದಲ್ಲಿ ಗಾಡಿಯ ಹೊಟ್ಟೆ ಬಡಿಯಬಾರದೆಂದು ದಪ್ಪ ಗುಬುಟುಗಳ ದೊಡ್ಡ ಟೈರು ಹಾಕಿಸಿಕೊಳ್ಳುತ್ತಾರೆ. ಸೋಲಾರ್ ಪಾರ್ಕಿಗೆ ನೀರಿನ ಟ್ಯಾಂಕ್ ಹೊರುವ ಗಾಡಿಗಳು, ಕುರಿ ಸಾಗಿಸುವ ಗಾಡಿಗಳು, ಗುಡ್ಡದ ತೋಪುಗಳಿಂದ ಹುಣಸೆಹಣ್ಣು ಇಳಿಸುವ ಗಾಡಿಗಳು. ಟೈರಿನ ಕೆಲಸ ಪ್ರಸನ್ನ ಅವರದು. ಅವರ ಬಾಯಿಗೆ ಬಿಡುವಿಲ್ಲ. ಮಡ್‌ಗಾರ್ಡಿನಿಂದ ಹೊರಚಾಚುವ ಟೈರು ಹಾಕಿಸಿ ರೀಲ್ಸ್ ಮಾಡಬೇಕೆಂದು ಯಾರಾದರೂ ಬಂದರೆ ಬಾಗಿಲಲ್ಲೇ ತಡೆಯುತ್ತಾರೆ. "ಲೇ, ನಿನ್ನ ಗಾಡಿಗೆ ಆನೆಕಾಲು ರೋಗ ಬಂದಂಗೆ ಕಾಣ್ತದೆ ಕಣ್ಲಾ. ಆರ್‌ಟಿಓನೂ ಒಪ್ಪಲ್ಲ, ನಮ್ಮಾಕೆನೂ ಒಪ್ಪಲ್ಲ. ಅವರನ್ನಾದ್ರೂ ಒಪ್ಪಿಸ್ಬೋದು, ಇವಳನ್ನ ಆಗಕಿಲ್ಲ."

ಟೈರು ದೊಡ್ಡದಾದರೆ ಒಳಗಿನ ಗೇರೂ ಬದಲಾಗಬೇಕು. ಅದು ಹನುಮಕ್ಕನ ಕೆಲಸ. ಯಾಕೆ ಬದಲಾಗಬೇಕು ಎಂದು ಕೇಳಿದವರಿಗೆ ಅವರು ಕೊಡುವ ಉತ್ತರ ಹತ್ತೊಂಬತ್ತು ವರ್ಷಗಳಿಂದ ಒಂದೇ. "ಸೈಕಲ್ಲಿಗೆ ಗಾಲಿ ದೊಡ್ದು ಮಾಡ್ಬುಟ್ಟು, ಪೆಡಲ್ಲು ಚೈನು ಅಂಗೇ ಬುಟ್ರೆ ಏರಿನಾಗೆ ತೊಡೆ ನಡುಗಲ್ವಾ? ಗಾಡಿಗೂ ಅಂಗೇಯ. ಅದುಕ್ಕೆ ಬಾಯಿಲ್ಲ, ಕ್ಲಚ್ ಸುಟ್ಕಂಡು ಹೇಳ್ತದೆ."

ದೊಣೆಪಾಳ್ಯದ ಗಾಡಿಯ ಹಳೆಯ ಪಿನಿಯನ್ನಿಗೆ ಒಂಬತ್ತು ಹಲ್ಲು, ಕ್ರೌನಿಗೆ ಮೂವತ್ತೇಳು. ಗಾಲಿ ಒಂದು ಸುತ್ತು ಹೊರಳಲು ಮುಂದಿನಿಂದ ಬರುವ ಶಾಫ್ಟು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕಿತ್ತು. ಈಗ ಬೆಂಚಿನ ಮೇಲಿರುವುದು ಎಂಟು–ನಲವತ್ತೊಂದರ ಜೋಡಿ. ಐದು ಸುತ್ತಿಗಿಂತ ಹೆಚ್ಚು. ವೇಗ ಕಡಿಮೆ, ಎಳೆತ ಜಾಸ್ತಿ. ಲೆಕ್ಕ ಇಷ್ಟೇ. ಕಷ್ಟವಿರುವುದು ಕೂರಿಸುವುದರಲ್ಲಿ. ಬ್ಲೇಡಿನಷ್ಟು ತೆಳುವಾದ ಬಿಲ್ಲೆಗಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಎರಡು ಚಕ್ರಗಳ ನಡುವೆ ಕೂದಲೆಳೆಯಷ್ಟು ಆಟ ಉಳಿಸಬೇಕು. ಒಂದು ಗಾಡಿಗೆ ಒಂಬತ್ತರಿಂದ ಹನ್ನೊಂದು ತಾಸು. ವಾರಕ್ಕೆ ಹೆಚ್ಚೆಂದರೆ ಎರಡು, ಕೆಲವು ತಿಂಗಳು ಒಂದೂ ಇಲ್ಲ. ಮೂವತ್ತು ಕಿಲೋಗೂ ಮಿಕ್ಕಿದ ಗುಂಡನ್ನು ಗಾಡಿಯಡಿಯಿಂದ ಎಳೆದು ಚೈನ್ ಬ್ಲಾಕ್ ಎಂಬ ಸರಪಳಿ ರಾಟೆಯಿಂದ ಎತ್ತುವುದೂ ಅವರೇ. ಒಮ್ಮೆ ಸರಪಳಿ ಜಾರಿ ಎಡಗೈಯ ಉಂಗುರ ಬೆರಳಿನ ತುದಿ ಹೋಯಿತು. ಅದರ ಮಾತೆತ್ತಿದರೆ ನಗುತ್ತಾರೆ. "ಉಂಗುರ ಆ ಕಡೆ ಕೈಗೆ ಹಾಕ್ಕಂಡೆ, ಅಷ್ಟೇಯ."

ಶೆಡ್ಡಿನ ಒಳಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪ್ರತಿ ಗಾಡಿಯ ನಂಬರು, ಹಲ್ಲಿನ ಎಣಿಕೆ, ಬಿಲ್ಲೆಯ ದಪ್ಪ ಬರೆದಿದ್ದಾರೆ. ಇಲ್ಲಿಯವರೆಗೆ ನೂರಾ ಅರವತ್ತೆರಡು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾಲೀಕರಿಗೆ ತಮ್ಮ ಗಾಡಿಯ ಗೇರು ಕೂರಿಸಿದ್ದು ಒಬ್ಬ ಹೆಂಗಸು ಎಂದು ಗೊತ್ತಿಲ್ಲ. ಗಾಡಿ ಬಿಟ್ಟು ಹೋಗುತ್ತಾರೆ, ಮರುದಿನ ಬಂದು ಓಡಿಸಿಕೊಂಡು ಹೋಗುತ್ತಾರೆ. ಪ್ರಸನ್ನ ಹೇಳಿದರೆ ನಂಬುವುದಿಲ್ಲ. "ನಾನು ಆಣೆ ಮಾಡಿ ಹೇಳ್ತೀನಿ ಕಣ್ರೀ. 'ಪ್ರಸನ್ನಣ್ಣ ಭಾಳ ತಮಾಸೆ' ಅಂದ್ಕಂಡು ಓಗ್ತಾರೆ."

ಹನುಮಕ್ಕನ ಅಪ್ಪ ಓಬಳಯ್ಯ ಮಧುಗಿರಿಯಲ್ಲಿ ಖಾಸಗಿ ಬಸ್ ಮಾಲೀಕರೊಬ್ಬರ ಗ್ಯಾರೇಜಿನಲ್ಲಿ ಫಿಟ್ಟರ್ ಆಗಿದ್ದರು. ಶಾಲೆ ಬಿಟ್ಟ ಮೇಲೆ ಬುತ್ತಿ ಒಯ್ಯುತ್ತಿದ್ದ ಮಗಳು, ಅಪ್ಪ ಬಸ್ಸಿನಡಿ ಮಲಗಿದ್ದರೆ ಟಾರ್ಚು ಹಿಡಿದು ಕೂರುತ್ತಿದ್ದಳು. ಹಲ್ಲಿನ ಗುರುತು ನೋಡಲು ಅಲ್ಲಿ ನೀಲಿ ಬಣ್ಣದ ಒಂದು ಪೇಸ್ಟು ಬಳಸುತ್ತಿದ್ದರು. ಒಂದು ದಿನ ಅದು ಮುಗಿದುಹೋಯಿತು. ಬಸ್ಸು ಮಧ್ಯಾಹ್ನ ಹೊರಡಬೇಕು, ಹದಿನಾಲ್ಕು ವರ್ಷದ ಹುಡುಗಿ ಮನೆಗೆ ಓಡಿಹೋಗಿ ಅಡುಗೆಮನೆಯ ಅರಿಶಿನದ ಡಬ್ಬಿ ತಂದಳು. "ಅಪ್ಪ ಬೈತಾನೆ ಅನ್ಕಂಡಿದ್ದೆ. ಹಚ್ಚಿ ನೋಡ್ಬುಟ್ಟು, 'ನೀಲಿಗಿಂತ ಇದೇ ಚೆಂದಾಗಿ ಕಾಣ್ತದೆ ಕಣವ್ವ' ಅಂದ." ಓಬಳಯ್ಯನವರಿಗೆ ಕಣ್ಣಿನ ಪೊರೆ ಬಂದ ಮೇಲೆ, ಕಡೆಯ ಆರು ವರ್ಷ ಬಸ್ಸುಗಳ ಹಲ್ಲು ನೋಡಿದ್ದು ಮಗಳ ಕಣ್ಣು. ಮಾಲೀಕರಿಗೆ ಅದು ತಿಳಿಯಲಿಲ್ಲ. ತಿಳಿಸುವ ಅಗತ್ಯ ಅಪ್ಪನಿಗೂ ಮಗಳಿಗೂ ಕಾಣಲಿಲ್ಲ.

ಈ ಸುಮ್ಮನಿರುವ ಅಭ್ಯಾಸವೇ ಹೋದ ತಿಂಗಳು ಎಡವಟ್ಟಾಯಿತು.

ದೊಣೆಪಾಳ್ಯ ಬಡವನಹಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್. ಸುತ್ತ ಗುಡ್ಡ, ನಡುವೆ ಬಟ್ಟಲಿನಂಥ ತಗ್ಗಿನಲ್ಲಿ ಊರು. ಬೆಳಗಿನ ಹಾಲು ನಾನೂರ ಇಪ್ಪತ್ತು ಲೀಟರ್, ಹನ್ನೊಂದು ಕ್ಯಾನು. ಅದು ಮೇಲಿನ ರಸ್ತೆ ಸೇರಬೇಕಾದರೆ ಜಾರುಬಂಡೆ ಎಂಬ ಏರು ಹತ್ತಬೇಕು. ಮುನ್ನೂರು ಮೀಟರ್ ಬರಿಯ ಬಂಡೆ, ಒಂದೇ ಗಾಡಿಯ ಅಗಲ, ಅರ್ಧ ದಾರಿಯಲ್ಲಿ ಗೇಣೆತ್ತರದ ಕಲ್ಲಿನ ಮೆಟ್ಟಿಲು. ಹಿಂದೆಲ್ಲ ಮೂರು ಬೈಕುಗಳು ಕ್ಯಾನು ಕಟ್ಟಿಕೊಂಡು ನಾಲ್ಕಾರು ಸಲ ಓಡಾಡುತ್ತಿದ್ದವು. ಬಿಸಿಲೇರಿ ಅರ್ಧ ಹಾಲು ಒಡೆಯುತ್ತಿತ್ತು. ಊರಿನವರೇ ಆದ ಮರುಳಸಿದ್ದಯ್ಯ ಹಳೆಯದೊಂದು ಪಿಕಪ್ ಕೊಂಡು ಈ ಕೆಲಸ ಹಿಡಿದರು. ಕಲ್ಲಿನ ಮೆಟ್ಟಿಲಿಗೆ ಹೊಟ್ಟೆ ಬಡಿಯುತ್ತದೆಂದು ಪ್ರಸನ್ನ ಅವರ ಹತ್ತಿರ ದೊಡ್ಡ ಟೈರು ಹಾಕಿಸಿದರು. ಗೇರು ಬದಲಿಸಲು ಒಂದು ದಿನ ಗಾಡಿ ನಿಲ್ಲಿಸಬೇಕು ಎಂದಾಗ, "ಟೈರು ಸಾಕು ಬುಡಣ್ಣ, ಹೆಂಗೋ ಎಳೀತದೆ," ಎಂದರು. ಪ್ರಸನ್ನ, "ಆಯ್ತು ಬುಡು," ಎಂದರು.

"ನಾನು ಒಳಗಿದ್ದೆ," ಎನ್ನುತ್ತಾರೆ ಹನುಮಕ್ಕ. "ಎಲ್ಲಾ ಕೇಳಿಸ್ತು. ಆಚೆ ಬಂದು 'ಬ್ಯಾಡ ಕಣಪ್ಪ, ಸುಡ್ತದೆ' ಅನ್ನಬೇಕಿತ್ತು. ಗಂಡಸ್ರು ಮಾತಾಡ್ತಾವ್ರೆ ಅಂತ ಸುಮ್ಕಾದೆ."

ಮೂರನೆಯ ದಿನ ಜಾರುಬಂಡೆಯ ಮೆಟ್ಟಿಲಿನಲ್ಲಿ ಕ್ಲಚ್ ಸುಟ್ಟು ಗಾಡಿ ನಿಂತಿತು. ನಿಂತದ್ದು ಹಿಂದಕ್ಕೆ ಜಾರಿತು. ಜನ ಗಾಲಿಗೆ ಕಲ್ಲು ಕೊಟ್ಟು ತಡೆದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆರು ಕ್ಯಾನು ಉರುಳಿ ಬಂಡೆಯೆಲ್ಲ ಬೆಳ್ಳಗಾಯಿತು. ಆಮೇಲೆ ಕ್ಲಚ್ ಬದಲಿಸಿದರೂ ಮರುಳಸಿದ್ದಯ್ಯ ಹೆದರಿ ಅರ್ಧರ್ಧ ಲೋಡಿನಲ್ಲಿ ಎರಡು ಸಲ ಹತ್ತಿಸುತ್ತಿದ್ದರು. ಹಾಲು ಡೇರಿ ಸೇರುವುದು ಎಂಟಾಯಿತು, ಎಂಟೂವರೆಯಾಯಿತು. ಡೇರಿಯ ಕಾರ್ಯದರ್ಶಿ ಅಂಜನ್ ಕುಮಾರ್ ಒಳ್ಳೆಯ ಮನುಷ್ಯ, ಹತ್ತು ದಿನ ತಾಳಿದರು. ಕೊನೆಗೆ, "ಟ್ಯಾಂಕರು ಏಳಕ್ಕೆ ಹೊರಡ್ತದೆ, ನಾನೇನು ಮಾಡಲಿ? ಸೋಮವಾರ ಏಳರೊಳಗೆ ಬಂದ್ರೆ ಸರಿ, ಇಲ್ಲಾಂದ್ರೆ ದೊಣೆಪಾಳ್ಯ ಕೈಬಿಡ್ತೀನಿ," ಎಂದು ಖಡಾಖಂಡಿತ ಹೇಳಿದರು. ಅಷ್ಟರಲ್ಲಿ ಮಧುಗಿರಿಯಿಂದ ಪಾವಗಡದವರೆಗೆ ಡ್ರೈವರುಗಳಲ್ಲಿ ಒಂದು ಮಾತು ಓಡಾಡುತ್ತಿತ್ತು: ಬಡವನಹಳ್ಳಿಯಲ್ಲಿ ಟೈರು ಹಾಕಿಸಿದರೆ ಕ್ಲಚ್ ಸುಡುತ್ತದೆ. ನಾಲ್ಕು ವಾರ ಅಂಗಡಿಗೆ ಒಂದು ಪಿಕಪ್ಪೂ ಬರಲಿಲ್ಲ.

ಶುಕ್ರವಾರ ಹನುಮಕ್ಕ ತಾವಾಗಿಯೇ ಮರುಳಸಿದ್ದಯ್ಯನವರಿಗೆ ಫೋನ್ ಮಾಡಿದರು. ಗಿರಾಕಿಗೆ ಅವರು ಮಾಡಿದ ಮೊದಲ ಫೋನು ಅದು. "ಗಾಡಿ ತಂದು ನಿಲ್ಸು. ಗೇರು ನಾನು ಕೂರ್ಸ್ತೀನಿ."

"ಅಕ್ಕ, ನೀನಾ?" ಎಂದಿತು ಆ ಕಡೆಯ ದನಿ.

"ಮತ್ತೆ ಇಷ್ಟು ವರ್ಸ ಯಾರು ಅನ್ಕಂಡಿದ್ದೆ?"

ಶನಿವಾರ ಬಸ್ಸು ಹತ್ತಿ ಸಿರಾದ ಗುಜರಿ ಸಾಲಿಗೆ ಹೋದರು. ಅಲ್ಲಿ ಅನ್ವರ್ ಪಾಷಾ ಅವರ ಅಂಗಡಿಯಲ್ಲಿ ಹಳೆಯ ಗಾಡಿಗಳ ಗೇರುಗಳು ತೂಕಕ್ಕೆ ಸಿಗುತ್ತವೆ. ಕ್ರೌನು, ಪಿನಿಯನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ತಯಾರಾದವು. ಎರಡರ ಮೇಲೂ ಒಂದೇ ನಂಬರು ಕೆತ್ತಿರುತ್ತದೆ. ಒಂದು ಮುರಿದರೆ ಉಳಿದದ್ದಕ್ಕೆ ಬೇರೆ ಜೊತೆ ಹುಡುಕುವ ಹಾಗಿಲ್ಲ. ಎರಡನ್ನೂ ತೆಗೆಯಬೇಕು. ಪಾಷಾ ಮುಂದಿಟ್ಟ ಮೊದಲ ಎರಡು ಜೋಡಿಗಳನ್ನು ಹನುಮಕ್ಕ ಸೆರಗಿನಿಂದ ಒರೆಸಿ, ನಂಬರು ಓದಿ, ಹಿಂದಕ್ಕೆ ತಳ್ಳಿದರು.

"ಕ್ಯಾ ಆಪಾ, ಲೋಹ ಲೋಹಾನೇ ಅಲ್ವಾ? ಏಕ್ ನಂಬರ್ ಮಾಲು."

"ನಿಮ್ಮನೆ ಬೀಗಕ್ಕೆ ನಮ್ಮನೆ ಚಾವಿ ಹಾಕಿ ತೆಗೀತೀರೇನು ಭಾಯ್?"

ಪಾಷಾ ನಕ್ಕುಬಿಟ್ಟರು. ಕೂತಲ್ಲಿಂದ ಎದ್ದು, ರಾಶಿಯ ತಳದಿಂದ ಗ್ರೀಸು ಮೆತ್ತಿದ ಮೂರನೆಯ ಜೋಡಿ ಎಳೆದು ಕೊಟ್ಟರು. ನಂಬರು ಕೂಡಿತು. ಒಂದು ಹಲ್ಲೂ ಚಕ್ಕೆ ಎದ್ದಿರಲಿಲ್ಲ.

ಆ ಜೋಡಿಯೇ ಈಗ ಭಾನುವಾರದ ನಸುಕಿನಲ್ಲಿ ಅರಿಶಿನ ಮೆತ್ತಿಕೊಂಡು ಬೆಂಚಿನ ಮೇಲಿದೆ. 'ಪರ್ವಾಗಿಲ್ಲ' ಎಂದ ಹನುಮಕ್ಕ ಕೈ ತೊಳೆಯಲು ಹಿತ್ತಿಲಿಗೆ ಹೋಗುತ್ತಾರೆ. ಬಂದು ಅರಿಶಿನ ಒರೆಸಿ, ಗುಂಡನ್ನು ಗಾಡಿಗೆ ಏರಿಸುವುದೊಂದೇ ಬಾಕಿ.

ಅದೇ ಹೊತ್ತಿಗೆ ಮರುಳಸಿದ್ದಯ್ಯ ತಾಯಿ ಅಶ್ವತ್ಥಮ್ಮನವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಅಶ್ವತ್ಥಮ್ಮನಿಗೆ ಎಪ್ಪತ್ತು ದಾಟಿದೆ. ಮನೆಯಲ್ಲಿ ಮೂರು ಹಸು. ಅಂದು ಬಂಡೆಯ ಮೇಲೆ ಚೆಲ್ಲಿದ ಹಾಲಿನಲ್ಲಿ ಅವರದೂ ಇತ್ತು. ಗಾಡಿಗೆ ಇನ್ನೊಮ್ಮೆ ಹಾಗಾಗಬಾರದೆಂದು ಪೂಜೆಯ ತಟ್ಟೆ ಹಿಡಿದೇ ಬಂದಿದ್ದಾರೆ. ಶೆಡ್ಡಿನೊಳಗೆ ಇಣುಕಿದರೆ ಏನು ಕಾಣುವುದು? ಚಕ್ರಕ್ಕೆ ಆಗಲೇ ಅರಿಶಿನ ಹಚ್ಚಿದೆ. ಪೂಜೆ ಶುರುವಾಗಿಹೋಗಿದೆ, ತಾವೇ ತಡ! ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕ್ರೌನಿಗೆ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ಮೂರು ಸಲ ಅಕ್ಷತೆ ಹಾಕಿಬಿಡುತ್ತಾರೆ.

ಟೀ ಹಿಡಿದು ಬಂದ ಪ್ರಸನ್ನ ಬಾಗಿಲಲ್ಲಿ ನಿಂತು ಕಿರುಚುತ್ತಾರೆ. "ಅಯ್ಯಯ್ಯೋ! ಅಮ್ಮೋ, ಏನ್ ಮಾಡ್ಬುಟ್ರಿ!"

"ಯಾಕಪ್ಪ, ಕಾಯಿ ಮೊದ್ಲು ಒಡೀಬೇಕಿತ್ತಾ?"

ಕಾಯಿ ಒಡೆದಿರಲಿಲ್ಲ, ಅದೊಂದು ಪುಣ್ಯ. ಹನುಮಕ್ಕ ಓಡಿಬಂದು ನೋಡುತ್ತಾರೆ. ಅಕ್ಕಿಯ ಕಾಳುಗಳು ಹಲ್ಲಿನ ಸಂದಿಯಲ್ಲಿವೆ, ಬೇರಿಂಗಿನ ಉರುಳೆಗಳ ನಡುವೆ ಇವೆ, ಗುಂಡಿನ ತಳಕ್ಕೂ ಉದುರಿವೆ. ಒಂದೇ ಒಂದು ಕಾಳು ಒಳಗುಳಿದರೂ ಅರೆದು ಹಿಟ್ಟಾಗಿ ಎಣ್ಣೆ ಕೆಡಿಸಿ ಬೇರಿಂಗು ತಿನ್ನುತ್ತದೆ. ಅವರು ಮೋಟು ಸ್ಟೂಲಿನ ಮೇಲೆ ಕೂತುಬಿಡುತ್ತಾರೆ.

"ಅಮ್ಮ, ಎಷ್ಟು ಕಾಳು ಹಾಕಿದ್ರಿ?"

"ದೇವ್ರಿಗೆ ಯಾರಾನಾ ಎಣಿಸಿ ಹಾಕ್ತಾರೇನವ್ವ?"

ಮೊದಲು ನಕ್ಕದ್ದು ಹನುಮಕ್ಕನೇ. ನಗುತ್ತಲೇ ಎದ್ದು ಸ್ಪ್ಯಾನರ್ ತೆಗೆದುಕೊಳ್ಳುತ್ತಾರೆ. ಆರು ಗಂಟೆಗೆ ಮುಗಿದಿದ್ದ ಕೆಲಸ ಆರು ಗಂಟೆಗೆ ಮತ್ತೆ ಮೊದಲಿನಿಂದ ಶುರು.

ತಾವು ಮಾಡಿದ್ದೇನೆಂದು ತಿಳಿದ ಮೇಲೆ ಅಶ್ವತ್ಥಮ್ಮ ಮನೆಗೆ ಹೋಗಲು ಒಪ್ಪುವುದಿಲ್ಲ. ಮಗನಿಗೆ, "ನೀನು ಆಚೆ ಓಗ್ಲಾ, ನಿನ್ನ ಕಣ್ಣಿಗೆ ಕಾಣಕಿಲ್ಲ," ಎಂದು ಗದರಿ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ. ಒಂದು ಮೊರ ತರಿಸಿಕೊಳ್ಳುತ್ತಾರೆ. ಹನುಮಕ್ಕ ಒಂದೊಂದೇ ಭಾಗ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು ಕೊಡುತ್ತಾರೆ. ಅಶ್ವತ್ಥಮ್ಮ ಬೇರಿಂಗನ್ನು ಮೊರದ ಮೇಲೆ ತಟ್ಟಿ, ಓರೆ ಹಿಡಿದು, ಊದಿ, ಕಾಳು ಉದುರಿಸುತ್ತಾರೆ. ಐವತ್ತು ವರ್ಷ ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈ ಈಗ ಕಬ್ಬಿಣದಲ್ಲಿ ಅಕ್ಕಿ ಆರಿಸುತ್ತದೆ. "ಇಲ್ಲೊಬ್ಬ ಅವ್ನೆ ಕಳ್ಳ. ತಗಾ, ಇನ್ನೊಬ್ಬ." ಎಂಟು ಗಂಟೆಗೆ ಮೊರದಲ್ಲಿ ಒಂದು ಹಿಡಿಯಷ್ಟು ಅಕ್ಕಿ. ಇನ್ನೆರಡು ಸಲ ತೊಳೆದರೂ ಒಂದು ಕಾಳೂ ಬೀಳುವುದಿಲ್ಲ.

ಹನುಮಕ್ಕ ಮತ್ತೆ ಕೂರಿಸುತ್ತಾರೆ. ಮತ್ತೆ ಅರಿಶಿನ. ಮುಂದಕ್ಕೆ ಹತ್ತು, ಹಿಂದಕ್ಕೆ ಹತ್ತು. ಈಗ ಹಗಲಿನ ಬೆಳಕಿದೆ. ಬಗ್ಗಿ ನೋಡುತ್ತಾರೆ, ಬಹಳ ಹೊತ್ತು ನೋಡುತ್ತಾರೆ. ಬಿಲ್ಲೆಗಳು ಅವೇ, ಅಳತೆ ಅದೇ, ಆದ್ದರಿಂದ ಗುರುತೂ ಬೆಳಗಿನದೇ. ಹೊಳಪು ನಡುವಿನಲ್ಲಿಲ್ಲ, ಹಲ್ಲಿನ ಹೊರಗಡೆಯ ಕೊನೆಗೆ ಸರಿದಿದೆ. ಟಾರ್ಚಿನ ಬೆಳಕಿನಲ್ಲಿ ಅವಸರದ ಕಣ್ಣು ಅದನ್ನು ಒಪ್ಪಿಕೊಂಡಿತ್ತು.

"ಆಯಮ್ಮ ಅಕ್ಕಿ ಹಾಕ್ದೆ ಇದ್ದಿದ್ರೆ ನಾನು ಅಂಗೇ ಮುಚ್ಬುಡ್ತಿದ್ದೆ," ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ನಾಳೆ ಹತ್ತುತಿತ್ತು. ನಾಡಿದ್ದೂ ಹತ್ತುತಿತ್ತು. ಮೂರ್ನಾಕು ತಿಂಗ್ಳಿಗೆ ಜಾರುಬಂಡೆ ಮ್ಯಾಲೆ ಹಲ್ಲು ಮುರೀತಿತ್ತು. ಆವತ್ತು ಕಲ್ಲು ಕೊಡೋಕೆ ಜನ ಇರ್ತಿದ್ರೋ ಇಲ್ವೋ."

ಕ್ರೌನನ್ನು ಪಿನಿಯನ್ನಿನ ಹತ್ತಿರಕ್ಕೆ ಒಂದು ಎಳೆ ಸರಿಸುತ್ತಾರೆ. ನೋಡುತ್ತಾರೆ. ಒಂದು ಬಿಲ್ಲೆ ಬದಲಿಸುತ್ತಾರೆ. ಮತ್ತೆ ನೋಡುತ್ತಾರೆ. ಊಟಕ್ಕೆ ಕರೆಯಲು ಪ್ರಸನ್ನ ಎರಡು ಸಲ ಬಂದು ಎರಡು ಸಲವೂ ಬಾಗಿಲಿನಿಂದಲೇ ವಾಪಸಾಗುತ್ತಾರೆ. ಏಳನೆಯ ಸಲಕ್ಕೆ, ಮಧ್ಯಾಹ್ನ ಎರಡಕ್ಕೆ, ಆರೂ ಹಲ್ಲುಗಳ ನಟ್ಟನಡುವೆ ಆರು ಅವರೆಕಾಳುಗಳು ಮೂಡುತ್ತವೆ. ಹನುಮಕ್ಕ ಅಶ್ವತ್ಥಮ್ಮನವರನ್ನು ಕರೆದು ತೋರಿಸುತ್ತಾರೆ. ಅಜ್ಜಿ ಕೈ ಕಟ್ಟಿಕೊಂಡು ದೂರದಿಂದಲೇ ನೋಡುತ್ತಾರೆ. "ಚೆಂದಾಗೈತೆ ಕಣವ್ವ. ನಾನು ಮುಟ್ಟಕಿಲ್ಲ."

ಸಂಜೆ ಗಾಡಿ ಇಪ್ಪತ್ತು ಕಿಲೋಮೀಟರ್ ನಿಧಾನವಾಗಿ ಓಡಿ ಬರುತ್ತದೆ. ಹನುಮಕ್ಕ ಅದರಡಿ ತೂರಿ ಗುಂಡಿನ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದೆ, ಸುಡುವುದಿಲ್ಲ.

ಸೋಮವಾರ ನಸುಕಿನಲ್ಲಿ ಹೊರಡುವಾಗ ಮರುಳಸಿದ್ದಯ್ಯ, "ಅಕ್ಕ, ನೀನೂ ಕೂತ್ಕ. ಏನಾರಾ ಸದ್ದು ಬಂದ್ರೆ ನಂಗೆ ತಿಳಿಯಕಿಲ್ಲ," ಎನ್ನುತ್ತಾರೆ. ಹನುಮಕ್ಕ ಗಂಡನ ಮುಖ ನೋಡುತ್ತಾರೆ. ಪ್ರಸನ್ನ, "ನನ್ನೇನು ನೋಡ್ತೀಯ, ಹತ್ತು. ನಾನು ಹಿಂದೆ ಕ್ಯಾನು ಹಿಡ್ಕಂತೀನಿ," ಎಂದು ಹಿಂಬದಿ ಏರುತ್ತಾರೆ. ನೂರಾ ಅರವತ್ತೆರಡು ಗಾಡಿಗಳ ಒಳಗು ಬಲ್ಲ ಹೆಂಗಸು ಗೇರು ಕೂರಿಸಿದ ಗಾಡಿಯೊಂದರ ಮುಂದಿನ ಸೀಟಿನಲ್ಲಿ ಕೂರುತ್ತಿರುವುದು ಇದೇ ಮೊದಲು.

ಆರು ಗಂಟೆ ಐದು ನಿಮಿಷ. ದೊಣೆಪಾಳ್ಯದ ಹನ್ನೊಂದು ಕ್ಯಾನುಗಳೂ ಒಂದೇ ಸಲಕ್ಕೆ ಏರಿವೆ. ಜಾರುಬಂಡೆಯ ಎರಡೂ ಬದಿ ಜನ. ಗಂಡಸರ ಕೈಯಲ್ಲಿ ದಪ್ಪ ದಪ್ಪ ಕಲ್ಲು. ಜಾರಿದರೆ ಗಾಲಿಗೆ ಕೊಡಲು. ಅಶ್ವತ್ಥಮ್ಮ ಮೆಟ್ಟಿಲಿನ ಹತ್ತಿರವೇ ನಿಂತಿದ್ದಾರೆ.

ಮೊದಲ ಗೇರು. ಗಾಡಿ ಬಂಡೆಗೆ ಬಾಯಿಡುತ್ತದೆ. ನೂರು ಮೀಟರ್ ಸಲೀಸು. ಮೆಟ್ಟಿಲು ಕಂಡದ್ದೇ ತಡ, ಮರುಳಸಿದ್ದಯ್ಯನವರ ಎಡಗಾಲು ತಾನಾಗಿಯೇ ಕ್ಲಚ್ಚಿನ ಮೇಲೆ ಹೋಗುತ್ತದೆ. ಅರ್ಧ ಒತ್ತಿ, ಅರ್ಧ ಬಿಟ್ಟು, ತೂಗಿ ತೂಗಿ ಎತ್ತುವ ಹಳೆಯ ಚಾಳಿ. ಇಂಜಿನ್ನು ಒದರುತ್ತದೆ. ಕ್ಯಾಬಿನ್ನಿನಲ್ಲಿ ಸುಟ್ಟ ವಾಸನೆ ಸಣ್ಣಗೆ ಏಳುತ್ತದೆ.

"ಕಾಲ್ ತಗಿ," ಎನ್ನುತ್ತಾರೆ ಹನುಮಕ್ಕ.

"ಯಾವ ಕಾಲಕ್ಕಾ?"

"ಕ್ಲಚ್ಚಿನ ಮ್ಯಾಲಿಂದ ಕಾಲ್ ತಗಿಯೋ ಮರುಳಸಿದ್ದ! ತಗ್ದು ಕೆಳಿಗಿಕ್ಕು!"

"ನಿಂತೋಗ್ತದೆ ಅಕ್ಕಾ!"

"ನಿಲ್ಲಕಿಲ್ಲ! ಕೂರ್ಸಿರೋಳು ನಾನು ಹೇಳ್ತಾ ಇವ್ನಿ, ತಗಿ!"

ಆ ದನಿ ಗಾಡಿಯ ಹೊರಗೂ ಕೇಳಿಸುತ್ತದೆ. ಹಿಂದೆ ಕ್ಯಾನುಗಳ ನಡುವೆ ನಿಂತ ಪ್ರಸನ್ನ, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ದನಿ ಕೇಳಿರಲಿಲ್ಲ ಎಂದು ಆಮೇಲೆ ಹೇಳುತ್ತಾರೆ. ಮರುಳಸಿದ್ದಯ್ಯನವರ ಕಾಲು ಬೆಂಕಿ ತಾಗಿದಂತೆ ಹಿಂದೆ ಸರಿಯುತ್ತದೆ.

ಇಂಜಿನ್ನಿನ ಒದರಾಟ ನಿಲ್ಲುತ್ತದೆ. ಒಂದೇ ಸಮನಾದ ತಗ್ಗಿದ ಸದ್ದು. ಮುಂದಿನ ಗಾಲಿಗಳು ಮೆಟ್ಟಿಲು ತಬ್ಬಿ ಮೇಲೇಳುತ್ತವೆ. ಹಿಂದಿನ ಗಾಲಿಗಳು ಕಲ್ಲಿಗೆ ತಾಗಿ, ಒಂದು ಗಳಿಗೆ ತಡೆದು, ಅವಸರವಿಲ್ಲದೆ ಒಂದೊಂದೇ ಗುಬುಟು ಊರಿ ಹತ್ತುತ್ತವೆ. ಕ್ಯಾನುಗಳು ಒಮ್ಮೆ ಗಡಗಡ ಎಂದು ಸುಮ್ಮನಾಗುತ್ತವೆ. ನಡೆದು ಹೋಗುವ ಮನುಷ್ಯನ ವೇಗದಲ್ಲಿ ಗಾಡಿ ಜಾರುಬಂಡೆಯನ್ನು ಏರುತ್ತದೆ. ಕುಯ್ಯೆನ್ನುವುದಿಲ್ಲ, ಮುಗ್ಗರಿಸುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ಗಂಡಸರು ಕಲ್ಲು ಹಿಡಿದುಕೊಂಡೇ ಪಕ್ಕದಲ್ಲಿ ನಡೆಯುತ್ತಾರೆ. ಮುಕ್ಕಾಲು ದಾರಿಯಾದ ಮೇಲೆ ಒಬ್ಬರು ಕಲ್ಲು ಕೆಳಗೆ ಹಾಕುತ್ತಾರೆ. ಆಮೇಲೆ ಎಲ್ಲರೂ ಹಾಕುತ್ತಾರೆ.

"ಹತ್ತೇ ಬುಡ್ತು ಕಣ್ರೇ!" ಅಶ್ವತ್ಥಮ್ಮನ ಕೂಗು ಗುಡ್ಡಕ್ಕೆ ಬಡಿದು ಹಿಂದಿರುಗುತ್ತದೆ. ಹೆಂಗಸರು ಚಪ್ಪಾಳೆ ತಟ್ಟುತ್ತಾರೆ, ಯಾರೋ ಸಿಳ್ಳೆ ಹಾಕುತ್ತಾರೆ. ಏರಿನ ನೆತ್ತಿಯಲ್ಲಿ ಮರುಳಸಿದ್ದಯ್ಯ ಬ್ರೇಕು ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಾರೋ ಅಳುತ್ತಾರೋ ತಿಳಿಯುವುದಿಲ್ಲ. "ಹೊತ್ತಾಯ್ತದೆ, ನಡಿಯೋ," ಎನ್ನುತ್ತಾರೆ ಹನುಮಕ್ಕ.

ಡೇರಿಯ ಗೋಡೆ ಗಡಿಯಾರದಲ್ಲಿ ಆರು ಮೂವತ್ತೆಂಟು. ಅಂಜನ್ ಕುಮಾರ್ ಹಾಲು ಪರೀಕ್ಷಿಸುತ್ತಾರೆ. ಹನ್ನೊಂದು ಕ್ಯಾನಿನಲ್ಲಿ ಒಂದೂ ಒಡೆದಿಲ್ಲ. "ದೊಣೆಪಾಳ್ಯ ಇರ್ತದೆ," ಎಂದಷ್ಟೇ ಹೇಳಿ, ಮರುಳಸಿದ್ದಯ್ಯನವರ ಬೆನ್ನು ತಟ್ಟುತ್ತಾರೆ. ಮಂಗಳವಾರ ಆರು ಮೂವತ್ತೈದು. ಬುಧವಾರ ಆರೂವರೆ.

ಗುರುವಾರ ಬೆಳಿಗ್ಗೆ ಅಂಗಡಿಯ ಮುಂದೆ ಪಾವಗಡ ಕಡೆಯ ಪಿಕಪ್ಪೊಂದು ಬಂದು ನಿಲ್ಲುತ್ತದೆ, ನಾಲ್ಕು ವಾರದ ನಂತರದ ಮೊದಲ ಗಿರಾಕಿ. ಡ್ರೈವರು ಇಳಿದು ಪ್ರಸನ್ನ ಅವರನ್ನು ದಾಟಿ ನೇರ ಶೆಡ್ಡಿಗೆ ಹೋಗಿ, ತೆಲುಗು ಬೆರೆತ ಕನ್ನಡದಲ್ಲಿ ಕೇಳುತ್ತಾನೆ. "ಅಕ್ಕಾ, ನೀವೇ ಕದಾ ದೊಣೆಪಾಳ್ಯದ ಗಾಡಿ ಮಾಡಿದ್ದು? ನಂದು ಚೂಡಕ್ಕಾ, ಪೆದ್ದ ಟೈರು ಹಾಕ್ಸೀನಿ, ಗುಟ್ಟೆ ಏರಲ್ಲ ಅಂತೈತೆ. ಈವತ್ತೇ ಬಿಚ್ಚಿ ಕೊಡ್ತೀರಾ?"

ಹನುಮಕ್ಕ ಬೆಂಚಿನಿಂದ ಎದ್ದು, ಕೈ ಒರೆಸಿಕೊಂಡು ಹೊರಗೆ ಬರುತ್ತಾರೆ. ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಟೈರು ನೋಡುತ್ತಾರೆ, ಬಗ್ಗಿ ಗುಂಡು ನೋಡುತ್ತಾರೆ.

"ಬಿಚ್ಚೋದು ಆಮೇಲೆ. ನಿನ್ನ ಏರು ಎಲ್ಲೈತೆ?"

"ಇಲ್ಲಿಂದ ನಲವತ್ತು ಕಿಲೋಮೀಟರ್ ಆಯ್ತದಕ್ಕಾ."

"ಆಗ್ಲಿ." ಅವರು ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂರುತ್ತಾರೆ. ಪ್ರಸನ್ನ ಗಾಬರಿಯಿಂದ, "ಲೇ, ಮಧ್ಯಾಹ್ನಕ್ಕೆ ಊಟ?" ಎಂದರೆ, "ಮುದ್ದೆ ನೀವೇ ತಿರುವ್ರಿ, ಟೈರು ತಿರುವೋ ಕೈ ಅಲ್ವಾ?" ಎನ್ನುತ್ತಾರೆ. ಆಮೇಲೆ ಡ್ರೈವರಿನ ಕಡೆ ತಿರುಗುತ್ತಾರೆ.

"ಇಷ್ಟು ವರ್ಸ ಏರು ನೋಡ್ದೇನೇ ಗೇರು ಕೂರ್ಸಿದೆ. ಇನ್ಮ್ಯಾಲೆ ಕೂರ್ಸಕಿಲ್ಲ. ನಡಿ, ತೋರ್ಸು."